ಬೆಳಿಗ್ಗೆ ಒಂದು ಪೀಕ್, ಮಧ್ಯಾಹ್ನ ಇನ್ನೊಂದು: ಕ್ವಾಂಟಮ್ ಡಾಟ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಕ್ವಾಂಟಮ್ ಡಾಟ್, ಅಂದರೆ ಬೆಳಕು ಬಿಟ್ಟರೆ ತನ್ನದೇ ಬಣ್ಣದಲ್ಲಿ ಹೊಳೆಯುವ ಅತಿ ಪುಟ್ಟ ಹರಳಿನ ಬಗ್ಗೆ ಬರುವ ತಕರಾರು ಯಾವಾಗಲೂ ಹೀಗೇ ಇರುತ್ತದೆ. ಬೆಳಿಗ್ಗೆ ಬಂದ ತಕ್ಷಣ ಕೆಂಪು ಡಾಟ್‌ಗಳ ಸ್ಪೆಕ್ಟ್ರಮ್ (ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಅನ್ನುವ ಗ್ರಾಫ್) ತೆಗೆದಿದ್ದೀರಿ, ಅದರ ತುದಿ, ಅಂದರೆ ಪೀಕ್, 619 ನ್ಯಾನೊಮೀಟರ್‌ನಲ್ಲಿ ಚೆನ್ನಾಗಿ ನಿಂತಿದೆ. ಊಟ ಮುಗಿಸಿ ಬಂದು ಮೂರು ಗಂಟೆಗೆ ಮತ್ತೆ ತೆಗೆಯುತ್ತೀರಿ. ಅದೇ ಬಾಟಲಿ, ಅದೇ ಕ್ಯುವೆಟ್ (ದ್ರಾವಣ ಹಾಕಿ ಅಳೆಯುವ ಪುಟ್ಟ ಪಾತ್ರೆ), ಅದೇ ಸೆಟ್ಟಿಂಗು. ಪೀಕ್ 620 ದಾಟಿದೆ, ಎತ್ತರ ಆರರಲ್ಲಿ ಒಂದು ಪಾಲು ಇಳಿದಿದೆ. "ಅಕ್ಕಾ, ಸ್ಯಾಂಪಲ್ ಹಾಳಾಗಿದೆ, ಇನ್ನೊಂದು ಬ್ಯಾಚ್ ಮಾಡ್ಲಾ?" ಅಂತ ಜೂನಿಯರ್‌ಗಳು ಕೇಳುತ್ತಾರೆ. ಬೇಡ. ಏಪ್ರಿಲ್ ತಿಂಗಳ ಮೈಸೂರಿನಲ್ಲಿ, ಅದೂ ಎಸಿ ಇಲ್ಲದ ಮೇಲಿನ ಮಹಡಿಯ ಲ್ಯಾಬಿನಲ್ಲಿ, ಇಷ್ಟು ವ್ಯತ್ಯಾಸ ಬರದಿದ್ದರೇ ಅನುಮಾನ ಪಡಬೇಕು.

ಮೈಸೂರು, ಮಂಡ್ಯದ ಕಡೆ ಎಂಎಸ್ಸಿ ಪ್ರಾಜೆಕ್ಟಿಗೆ ಡಾಟ್ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಥಿಯರಿ ಬೇಕಾದಷ್ಟು ಕಡೆ ಸಿಗುತ್ತದೆ. ಪೀಕ್ ಜರುಗಿದರೆ ಯಾವುದನ್ನು ಮೊದಲು ಅನುಮಾನಿಸಬೇಕು, ಯಾವುದನ್ನು ಕೊನೆಗೆ ಅನ್ನೋದನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ನನ್ನ ಕ್ರಮ ಇಷ್ಟೇ: ಮೊದಲು ಥರ್ಮಾಮೀಟರ್, ಆಮೇಲೆ ಯಂತ್ರ, ಕಟ್ಟಕಡೆಗೆ ಸ್ಯಾಂಪಲ್. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ, ಅದಕ್ಕೇ ಒಳ್ಳೊಳ್ಳೆ ಬ್ಯಾಚ್‌ಗಳು ತ್ಯಾಜ್ಯದ ಕ್ಯಾನಿಗೆ ಹೋಗುತ್ತವೆ.

ಮೊದಲು ಲೆಕ್ಕ ಹಾಕಿ

ಡಾಟ್ ಅಂದರೆ ಕೆಲವೇ ನ್ಯಾನೊಮೀಟರ್ ಅಗಲದ ಅರೆವಾಹಕದ ಹರಳು. ಕ್ಯಾಡ್ಮಿಯಂ ಸೆಲೆನೈಡ್‌ನ ದೊಡ್ಡ ತುಂಡಿನಲ್ಲಿ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನ್ ಮೇಲಕ್ಕೆ ನೆಗೆಯಲು ಬೇಕಾದ ಕನಿಷ್ಠ ಶಕ್ತಿ, ಸುಮಾರು 1.74 ಎಲೆಕ್ಟ್ರಾನ್ ವೋಲ್ಟ್, ಅಂದರೆ 710 ನ್ಯಾನೊಮೀಟರ್ ಆಸುಪಾಸು, ಕಣ್ಣಿಗೆ ಕಂಡೂ ಕಾಣದಂಥ ಕಡುಗೆಂಪು. ಹರಳು ಚಿಕ್ಕದಾದಷ್ಟೂ ಗ್ಯಾಪ್ ಹೆಚ್ಚಿ ಬಣ್ಣ ಕಿತ್ತಳೆ, ಹಳದಿ, ಹಸಿರಿನ ಕಡೆ ಬರುತ್ತದೆ. 1980ರ ದಶಕದ ಶುರುವಿನಲ್ಲಿ ಎಕಿಮೊವ್ ಗಾಜಿನೊಳಗೆ, ಬ್ರೂಸ್ ದ್ರಾವಣದಲ್ಲಿ ಕಂಡದ್ದು ಇದನ್ನೇ. 1993ರಲ್ಲಿ ಬಾವೆಂಡಿ ತಂಡ ಹೆಚ್ಚುಕಡಿಮೆ ಒಂದೇ ಅಳತೆಯ ಹರಳುಗಳನ್ನು ಬೆಳೆಸುವ ವಿಧಾನ ಕೊಟ್ಟಿತು. ಮೂವರಿಗೂ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅಳತೆ ಬದಲಾದರೆ ಬಣ್ಣ ಬದಲಾಗುತ್ತದೆ ಅನ್ನೋದು ಈಗ ಎಲ್ಲರಿಗೂ ಬಾಯಿಪಾಠ. ಬಿಸಿಗೂ ಬದಲಾಗುತ್ತದೆ ಅನ್ನೋದು ಮಾತ್ರ ಸ್ಪೆಕ್ಟ್ರಮ್ ತೆಗೆಯುವ ಹೊತ್ತಿಗೆ ಮರೆತುಹೋಗುತ್ತದೆ.

ಎಷ್ಟು ಬದಲಾಗುತ್ತದೆ? ಜಿಂಕ್ ಸಲ್ಫೈಡ್ ಹೊದಿಕೆ ಇರುವ ಕ್ಯಾಡ್ಮಿಯಂ ಸೆಲೆನೈಡ್ ಡಾಟ್‌ಗಳನ್ನು ಪಾಲಿಮರ್‌ನಲ್ಲಿ ಸೇರಿಸಿ, ಅಮೆರಿಕದ ಎಂಐಟಿಯಲ್ಲಿ ಬಾವೆಂಡಿ ಮತ್ತು ನೊಸೆರಾ ಜೊತೆಗಾರರು ಅಳೆದು 2003ರಲ್ಲಿ ಪ್ರಕಟಿಸಿದ ಅಂಕಿ ಇವತ್ತಿಗೂ ಕೈಗೆ ಬರುತ್ತದೆ. ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿ ಒಂದು ಡಿಗ್ರಿ ಏರಿದರೆ ಪೀಕ್ ಸುಮಾರು 0.1 ನ್ಯಾನೊಮೀಟರ್ ಕೆಂಪಿನ ಕಡೆಗೆ ಜರುಗುತ್ತದೆ, ಹೊಳಪು ಸುಮಾರು ಶೇ. 1.3 ಕಡಿಮೆಯಾಗುತ್ತದೆ. ಈ ಎರಡು ಅಂಕಿಯನ್ನು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿ ಇಡಿ. ನಿಮ್ಮ ಡಾಟ್‌ಗೆ ಹೊಳಪಿನ ಅಂಕಿ ಬೇರೆಯೇ ಬರಬಹುದು, ಹೊದಿಕೆ ಚೆನ್ನಾಗಿ ಕೂತಿದ್ದರೆ ಕಡಿಮೆ, ಹೊದಿಕೆಯೇ ಇಲ್ಲದಿದ್ದರೆ ಜಾಸ್ತಿ. ಪೀಕಿನ ಅಂಕಿ ಅಷ್ಟು ಹಾರಾಡುವುದಿಲ್ಲ.

ಈಗ ಮೇಲಿನ ತಕರಾರಿಗೆ ಬನ್ನಿ. ಬೆಳಿಗ್ಗೆ ಲ್ಯಾಬಿನಲ್ಲಿ 22 ಡಿಗ್ರಿ, ಮಧ್ಯಾಹ್ನ 34 ಡಿಗ್ರಿ ಅಂದುಕೊಳ್ಳಿ. ಹನ್ನೆರಡು ಡಿಗ್ರಿಗೆ ಪೀಕ್ 1.2 ನ್ಯಾನೊಮೀಟರ್ ಜರುಗಬೇಕು, ಹೊಳಪು ಶೇ. 15ರಷ್ಟು ಇಳಿಯಬೇಕು. ಕಂಡದ್ದೂ ಅಷ್ಟೇ ಅಲ್ವಾ? ಹಾಗಾದರೆ ಇಲ್ಲಿಗೆ ಮುಗಿಯಿತು, ಸ್ಯಾಂಪಲ್ ಚೆನ್ನಾಗಿದೆ, ಉಷ್ಣತೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು ಮುಂದೆ ಹೋಗಿ. ಅದೇ ಹನ್ನೆರಡು ಡಿಗ್ರಿಗೆ ಪೀಕ್ ನಾಲ್ಕು ನ್ಯಾನೊಮೀಟರ್ ಓಡಿದ್ದರೆ ಬೇರೇನೋ ಇದೆ. ಪೀಕ್ ಅಲ್ಲೇ ನಿಂತು ಹೊಳಪು ಮಾತ್ರ ಅರ್ಧಕ್ಕೆ ಬಿದ್ದಿದ್ದರೂ ಬೇರೇನೋ ಇದೆ. ಲೆಕ್ಕ ಹೊಂದದಿದ್ದಾಗ ಮಾತ್ರ ಮುಂದಿನದನ್ನು ಓದಿ.

ಒಂದು ಮಾತು, ಪೀಕ್ ಎಲ್ಲಿದೆ ಅಂತ ಹೇಗೆ ಓದಿದ್ದೀರಿ? ಒಂದೊಂದು ನ್ಯಾನೊಮೀಟರ್ ಹೆಜ್ಜೆ ಇಟ್ಟು ಸ್ಕ್ಯಾನ್ ಮಾಡಿ, ಅತಿ ಎತ್ತರದ ಬಿಂದುವನ್ನು ಕಣ್ಣಲ್ಲಿ ನೋಡಿ ಬರೆದುಕೊಂಡರೆ, ಬರೀ ಸಿಗ್ನಲ್ಲಿನ ಗದ್ದಲದಿಂದಲೇ (ನಾಯ್ಸ್) ಒಂದು ನ್ಯಾನೊಮೀಟರ್ ಆಚೆ ಈಚೆ ಆಗುತ್ತದೆ. ಪೀಕಿನ ಮೇಲ್ಭಾಗಕ್ಕೆ ಗಾಸಿಯನ್ (ಗಂಟೆಯಾಕಾರದ ಗೆರೆ) ಫಿಟ್ ಮಾಡಿ, ಆಗ 0.1ರವರೆಗೂ ನಂಬಬಹುದು. ಫಿಟ್ ಅನ್ನು ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಮಾಡುವುದಾದರೆ ಬರೀ 1240 ಅನ್ನು ತರಂಗಾಂತರದಿಂದ ಭಾಗಿಸಿ ಕೈಬಿಡಬೇಡಿ, ಎತ್ತರವನ್ನೂ ತರಂಗಾಂತರದ ವರ್ಗದಿಂದ ಗುಣಿಸಬೇಕು. ಇಲ್ಲದಿದ್ದರೆ ಅಗಲವಾದ ಪೀಕಿನ ತಲೆ ಸುಮ್ನೆ ಒಂದು ಕಡೆ ವಾಲುತ್ತದೆ, ಉಷ್ಣತೆ ಏರಿ ಪೀಕ್ ಅಗಲವಾದಷ್ಟೂ ಈ ವಾಲುವಿಕೆ ಹೆಚ್ಚುತ್ತದೆ, ಕೊನೆಗೆ ಅದನ್ನೇ ಹೊಸ ಭೌತಶಾಸ್ತ್ರ ಅಂತ ಸೆಮಿನಾರಿನಲ್ಲಿ ಹೇಳುತ್ತೀರಿ.

ಯಾಕೆ ಜರುಗುತ್ತದೆ ಅನ್ನೋದು ಚುಟುಕಾಗಿ

ಬಿಸಿಯಾದರೆ ಹರಳು ಸ್ವಲ್ಪ ಹಿಗ್ಗುತ್ತದೆ, ಪರಮಾಣುಗಳ ನಡುವಿನ ದೂರ ಹೆಚ್ಚುತ್ತದೆ, ಗ್ಯಾಪ್ ಕಿರಿದಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಪರಮಾಣುಗಳ ನಡುಗಾಟ. ಎಲೆಕ್ಟ್ರಾನ್‌ಗಳು ಈ ಕಂಪನಗಳ ಜೊತೆ ಶಕ್ತಿ ಕೊಟ್ಟು ತೆಗೆದುಕೊಳ್ಳುತ್ತವೆ, ಅದರಿಂದಲೂ ಗ್ಯಾಪ್ ಇಳಿಯುತ್ತದೆ. ಅರೆವಾಹಕದ ಗ್ಯಾಪ್ ಉಷ್ಣತೆಗೆ ಹೇಗೆ ಇಳಿಯುತ್ತದೆ ಅನ್ನೋದಕ್ಕೆ ವರ್ಷ್ನಿ 1967ರಲ್ಲಿ ಕೊಟ್ಟ ಸೂತ್ರವನ್ನೇ ಡಾಟ್‌ಗಳಿಗೂ ಎಲ್ಲರೂ ಬಳಸುತ್ತಾರೆ. ತಣ್ಣನೆಯ ಕಡೆ ಅದು ಬಹುತೇಕ ಚಪ್ಪಟೆ, ಕೋಣೆಯ ಉಷ್ಣತೆಯ ಹತ್ತಿರ ಹೆಚ್ಚುಕಡಿಮೆ ನೇರ ಗೆರೆ. 620 ನ್ಯಾನೊಮೀಟರ್ ಅಂದರೆ 2 ಎಲೆಕ್ಟ್ರಾನ್ ವೋಲ್ಟ್. ಅಲ್ಲಿ ಒಂದು ನ್ಯಾನೊಮೀಟರ್‌ಗೆ 3.2 ಮಿಲಿ ಎಲೆಕ್ಟ್ರಾನ್ ವೋಲ್ಟ್ ಆಗುತ್ತದೆ. ಕ್ಯಾಡ್ಮಿಯಂ ಸೆಲೆನೈಡ್‌ನ ಗ್ಯಾಪ್ ಡಿಗ್ರಿಗೆ ಸುಮಾರು 0.3 ಮಿಲಿ ಎಲೆಕ್ಟ್ರಾನ್ ವೋಲ್ಟ್ ಇಳಿಯುವುದರಿಂದ ಆ 0.1 ನ್ಯಾನೊಮೀಟರ್ ಬಂತು.

ಅಗಲವಾಗುವುದೂ ಕಂಪನದಿಂದಲೇ. ಈ ಹರಳಿನ ಒಂದು ಮುಖ್ಯ ಕಂಪನದ ಶಕ್ತಿ ಸುಮಾರು 26 ಮಿಲಿ ಎಲೆಕ್ಟ್ರಾನ್ ವೋಲ್ಟ್, ಕೋಣೆಯ ಉಷ್ಣತೆಯಲ್ಲಿ ಶಾಖದ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ನಮ್ಮ ಲ್ಯಾಬಿನ ಉಷ್ಣತೆಯಲ್ಲಿ ಈ ಕಂಪನ ಚೆನ್ನಾಗಿಯೇ ಎದ್ದಿರುತ್ತದೆ.

ಹೊಳಪು ಇಳಿಯುವುದು ಬೇರೆ ಕಥೆ. ಡಾಟ್‌ನ ಮೇಲ್ಮೈಯಲ್ಲಿ ದೋಷಗಳಿರುತ್ತವೆ. ಲಿಗ್ಯಾಂಡ್ (ಮೇಲ್ಮೈಗೆ ಅಂಟಿಕೊಂಡು ಡಾಟ್ ಕಾಯುವ ಅಣು) ಕಳಚಿದ ಜಾಗ, ಹೊದಿಕೆ ಸರಿಯಾಗಿ ಕೂರದ ಜಾಗ. ತಣ್ಣಗಿದ್ದಾಗ ಎಲೆಕ್ಟ್ರಾನ್ ಅಲ್ಲಿಗೆ ಹೋಗಲು ಶಕ್ತಿ ಸಾಲುವುದಿಲ್ಲ. ಬಿಸಿಯಾದಾಗ ಸಾಲುತ್ತದೆ, ಬೆಳಕಾಗಬೇಕಾದ ಶಕ್ತಿ ಅಲ್ಲಿಂದ ಶಾಖವಾಗಿ ಸೋರುತ್ತದೆ. ಕಂಠದ ಹತ್ತಿರ ತೂತಿರುವ ಕೊಡದ ಹಾಗೆ, ನೀರಿನ ಮಟ್ಟ ತೂತಿನವರೆಗೆ ಏರಿದ ಮೇಲೇ ಸೋರಿಕೆ. ಇಲ್ಲಿ ನೆನಪಿಡಬೇಕಾದ್ದು ಏನೆಂದರೆ, ದೋಷ ಹೊಸದಾಗಿ ಹುಟ್ಟಿಲ್ಲ, ಮೊದಲೇ ಇತ್ತು. ಹಾಗಾಗಿ ತಣ್ಣಗಾದರೆ ಹೊಳಪು ವಾಪಸ್ ಬರುತ್ತದೆ. ಹೊಸ ದೋಷ ಹುಟ್ಟಿದ್ದರೆ ಬರುವುದಿಲ್ಲ. ಮುಂದಿನ ಪರೀಕ್ಷೆಯೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಯಂತ್ರವನ್ನು ಕೂರಿಸಿ ವಿಚಾರಿಸಿ

ಲೆಕ್ಕ ಹೊಂದಲಿಲ್ಲ ಅಂದರೆ ಸ್ಯಾಂಪಲ್ ತೆಗೆದು ಪಕ್ಕಕ್ಕಿಡಿ. ಕ್ಯುವೆಟ್‌ನಲ್ಲಿ ಬರೀ ಶುದ್ಧ ನೀರು ಹಾಕಿ 350 ನ್ಯಾನೊಮೀಟರ್‌ನಲ್ಲಿ ಬೆಳಕು ಬಿಡಿ. 397ರಲ್ಲಿ ಒಂದು ಸಣ್ಣ ಉಬ್ಬು ಬರಬೇಕು, ನೀರಿನ ರಾಮನ್ ಪೀಕ್ ಅದು, ನೀರಿನ ಅಣುವಿನ ಕಂಪನಕ್ಕೆ ಸ್ವಲ್ಪ ಶಕ್ತಿ ಕೊಟ್ಟು ಚೆದುರಿದ ಬೆಳಕು. ನಮ್ಮ ಸಿ. ವಿ. ರಾಮನ್ 1928ರಲ್ಲಿ ಕಂಡದ್ದು ಇವತ್ತು ಪ್ರತಿ ಫ್ಲೋರೊಮೀಟರ್‌ನ, ಅಂದರೆ ಹೊಳಪು ಅಳೆಯುವ ಈ ಯಂತ್ರದ, ಆರೋಗ್ಯ ತಪಾಸಣೆಗೆ ಬಳಕೆಯಾಗುತ್ತಿದೆ. ಪೀಕ್ 397ರಲ್ಲಿ ಇಲ್ಲದಿದ್ದರೆ ತರಂಗಾಂತರದ ಕ್ಯಾಲಿಬ್ರೇಶನ್ ಜಾರಿದೆ. ಜಾಗ ಸರಿಯಿದ್ದು ಎತ್ತರ ಕಳೆದ ವಾರಕ್ಕಿಂತ ಕಡಿಮೆ ಇದ್ದರೆ ಲ್ಯಾಂಪ್ ದುರ್ಬಲವಾಗಿದೆ ಅಥವಾ ಯಾರೋ ಸ್ಲಿಟ್ (ಬೆಳಕು ಹಾಯುವ ಸೀಳು) ಬದಲಿಸಿ ಹೋಗಿದ್ದಾರೆ. ಎರಡನೆಯದೇ ಜಾಸ್ತಿ.

ನೀರು 397ಕ್ಕೆ ಸಾಕ್ಷಿ ಹೇಳುತ್ತದೆ, 620ರ ಹತ್ತಿರಕ್ಕೆ ಇನ್ನೊಂದು ಸಾಕ್ಷಿ ಬೇಕು. ಹಳೆಯ ಸಿಎಫ್‌ಎಲ್ ಬಲ್ಬ್ ಇದ್ದರೆ ಎಸೆಯಬೇಡಿ. ಅದರೊಳಗಿನ ಪಾದರಸ 435.8 ಮತ್ತು 546.1 ನ್ಯಾನೊಮೀಟರ್‌ನಲ್ಲಿ ಗೆರೆ ಕೊಡುತ್ತದೆ, ಈ ಗೆರೆಗಳು ಮೈಸೂರಿನ ಬಿಸಿಲಿಗೂ ಜಗ್ಗುವುದಿಲ್ಲ. 546ರ ಪಕ್ಕದಲ್ಲೇ ಬಲ್ಬಿನ ಒಳಲೇಪದ ಟರ್ಬಿಯಂ ಫಾಸ್ಫರ್‌ನ ಪೀಕ್ ಇರುವುದರಿಂದ ಸ್ಲಿಟ್ ಅಗಲವಾಗಿದ್ದರೆ ಎರಡೂ ಬೆರೆತು ಮೋಸ ಮಾಡುತ್ತವೆ. ಅದಕ್ಕೆ 435.8 ಅನ್ನೇ ಹೆಚ್ಚು ನಂಬಿ, 611ರ ಯುರೋಪಿಯಂ ಪೀಕ್ ಅನ್ನು ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹೋಲಿಸಲು ಇಟ್ಟುಕೊಳ್ಳಿ. ಫೈಬರ್ ಇರುವ ಸಣ್ಣ ಸ್ಪೆಕ್ಟ್ರೋಮೀಟರ್ ಆದರೆ ಫೈಬರ್ ತುದಿಯನ್ನು ಬಲ್ಬ್ ಕಡೆ ಹಿಡಿದರೆ ಆಯಿತು. ಫೋಟೋಮಲ್ಟಿಪ್ಲೈಯರ್ (ಮಂದ ಬೆಳಕನ್ನೂ ಹಿಡಿಯುವ ಡಿಟೆಕ್ಟರ್) ಇರುವ ದೊಡ್ಡ ಯಂತ್ರವಾದರೆ ಸುಮ್ನೆ ಮುಚ್ಚಳ ತೆಗೆದು ಕೋಣೆಯ ಬೆಳಕು ಬಿಡಬೇಡಿ, ಡಿಟೆಕ್ಟರ್ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸಿ, ಸ್ಲಿಟ್ ಕಿರಿದು ಮಾಡಿ, ಯಂತ್ರ ನೋಡಿಕೊಳ್ಳುವವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ.

ತೀರ್ಮಾನ ಸುಲಭ. ಮಧ್ಯಾಹ್ನ ಬಲ್ಬಿನ ಗೆರೆಯೂ ಡಾಟ್‌ನ ಪೀಕೂ ಒಟ್ಟಿಗೆ ಜರುಗಿದ್ದರೆ ಕಳ್ಳ ಯಂತ್ರ. ಗೆರೆ ನಿಂತಲ್ಲೇ ನಿಂತು ಡಾಟ್ ಮಾತ್ರ ಜರುಗಿದ್ದರೆ ಡಾಟ್.

ಇದೇ 611 ಇನ್ನೊಂದು ರೀತಿಯಲ್ಲೂ ಕಾಡುತ್ತದೆ. ಲ್ಯಾಬಿನ ಹಳೆಯ ಟ್ಯೂಬ್‌ಲೈಟ್ ಬೆಳಕು ಮುಚ್ಚಳದ ಸಂದಿಯಿಂದ ಒಳಗೆ ಹೋದರೆ, ನಿಮ್ಮ ಕೆಂಪು ಡಾಟ್‌ನ ಎಡ ಭುಜದ ಮೇಲೆ ಒಂದು ಚೂಪಾದ ಮುಳ್ಳು ಏಳುತ್ತದೆ. "ಎರಡು ಅಳತೆಯ ಡಾಟ್ ಬಂದಿದೆ" ಅಂತ ಗಾಬರಿಯಾಗುವ ಮೊದಲು ಲೈಟ್ ಆರಿಸಿ ನೋಡಿ. ಹಾಗೇ, 310ರಲ್ಲಿ ಬೆಳಕು ಬಿಟ್ಟರೆ ಗ್ರೇಟಿಂಗ್‌ನ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಫಲಕ) ಎರಡನೇ ಆರ್ಡರ್, ಅಂದರೆ ಎರಡರಷ್ಟು ತರಂಗಾಂತರದಲ್ಲಿ ಕಾಣುವ ಅದೇ ಬೆಳಕಿನ ನೆರಳು, ಸರಿಯಾಗಿ 620ಕ್ಕೆ ಬಂದು ಕೂರುತ್ತದೆ, ಡಾಟ್‌ನ ಪೀಕಿನ ನೆತ್ತಿಯ ಮೇಲೇ. ಉಷ್ಣತೆ ಎಷ್ಟೇ ಏರಿಸಿದರೂ ಪೀಕ್ ಜರುಗದೇ ಇದ್ದರೆ ನೀವು ನೋಡುತ್ತಿರುವುದು ಇದನ್ನೇ. ಲಾಂಗ್‌ಪಾಸ್ ಫಿಲ್ಟರ್ (ಉದ್ದ ತರಂಗಾಂತರವನ್ನು ಮಾತ್ರ ಬಿಡುವಂಥದ್ದು) ಹಾಕಿ, ಇಲ್ಲವೇ 450ರಲ್ಲಿ ಬೆಳಕು ಬಿಡಿ. ಡಾಟ್ ಕಲಸುವ ದ್ರವವಾದ ಟಾಲ್ಯೂಯಿನ್‌ನಲ್ಲಿ 450ಕ್ಕೆ ಬೆಳಕು ಬಿಟ್ಟಾಗ 521ರ ಹತ್ತಿರ ಒಂದು ಪುಟ್ಟ ಪೀಕ್ ಕಂಡರೆ ಅದು ಟಾಲ್ಯೂಯಿನ್‌ನದೇ ರಾಮನ್, ಹಸಿರು ಡಾಟ್ ಹುಟ್ಟಿದ್ದಲ್ಲ. ಬಿಡುವ ಬೆಳಕನ್ನು ಹತ್ತು ನ್ಯಾನೊಮೀಟರ್ ಬದಲಿಸಿ. ರಾಮನ್ ಅದರ ಹಿಂದೆಯೇ ಓಡುತ್ತದೆ, ಡಾಟ್ ಓಡುವುದಿಲ್ಲ.

ಕರೆಂಟ್ ವಿಷಯ ಬಿಡುವ ಹಾಗಿಲ್ಲ. ಝೆನಾನ್ ಲ್ಯಾಂಪ್ ಹಚ್ಚಿ ಅರ್ಧ ಗಂಟೆಯಾದರೂ ಬಿಡಬೇಕು, ಅಲ್ಲಿಯವರೆಗೆ ಹೊಳಪು ಏರಿಳಿಯುತ್ತಲೇ ಇರುತ್ತದೆ. ನಡುವೆ ಕರೆಂಟ್ ಹೋಗಿ ಬಂದರೆ ಬಿಸಿ ಲ್ಯಾಂಪನ್ನು ತಕ್ಷಣ ಹಚ್ಚಬೇಡಿ, ಆರಲು ಬಿಡಿ, ಆಮೇಲೆ ಮತ್ತೆ ಅರ್ಧ ಗಂಟೆ. ಕರೆಂಟ್ ಹೋಗುವ ಮೊದಲಿನ ಸ್ಪೆಕ್ಟ್ರಮ್ ಮತ್ತು ನಂತರದ್ದನ್ನು ಒಂದೇ ಗ್ರಾಫಿನಲ್ಲಿ ಹಾಕಿ ಹೊಳಪು ಹೋಲಿಸಿದರೆ ಅದಕ್ಕೆ ಅರ್ಥವಿಲ್ಲ. ಪ್ರತಿ ಸಲ ಒಂದು ಡೈ (ಹೊಳೆಯುವ ಬಣ್ಣ) ಜೊತೆ ಹೋಲಿಸಿಯೇ ಅಳೆಯಿರಿ. ಆ ಡೈ ರೋಡಮೀನ್ ಬಿ ಆಗಿರಬಾರದು. ಸುಲಭವಾಗಿ ಸಿಗುತ್ತದೆ ಅಂತ ಎಲ್ಲರೂ ಅದನ್ನೇ ತೆಗೆದುಕೊಳ್ಳುತ್ತಾರೆ, ಆದರೆ ನೀರಿನಲ್ಲಿ ಅದರ ಹೊಳಪು ಡಿಗ್ರಿಗೆ ಸುಮಾರು ಶೇ. 2 ಇಳಿಯುತ್ತದೆ, ಡಾಟ್‌ಗಿಂತ ಜಾಸ್ತಿ. ಅಳತೆಗೋಲೇ ಕುಗ್ಗಿದರೆ ಬಟ್ಟೆ ಉದ್ದ ಕಾಣುತ್ತದೆ. ರೋಡಮೀನ್ 6ಜಿ ಅಥವಾ ರೋಡಮೀನ್ 101 ಇಟ್ಟುಕೊಳ್ಳಿ, ಇವು ಉಷ್ಣತೆಗೆ ಅಷ್ಟಾಗಿ ಬಗ್ಗುವುದಿಲ್ಲ.

ಕ್ಯುವೆಟ್ ಒಳಗೆ ಎಷ್ಟು ಡಿಗ್ರಿ ಇದೆ?

ಹೋಲ್ಡರಿಗೆ ಬಿಸಿ ನೀರು ಕಳಿಸುವ ನೀರಿನ ಬಾತ್ 60 ಅಂತ ತೋರಿಸುತ್ತಿದೆ ಅಂದರೆ ಬಾತ್‌ನಲ್ಲಿ 60 ಇದೆ, ಅಷ್ಟೇ. ಟ್ಯೂಬಿನಲ್ಲಿ ಹರಿದು, ಹೋಲ್ಡರಿನ ಲೋಹ ದಾಟಿ, ಗಾಜು ದಾಟಿ ದ್ರಾವಣಕ್ಕೆ ಬರುವಷ್ಟರಲ್ಲಿ ಕೆಲವು ಡಿಗ್ರಿ ಕಳೆದಿರುತ್ತದೆ. ತೆಳ್ಳಗಿನ ಕೆ ಟೈಪ್ ಥರ್ಮೋಕಪಲ್ ಒಂದನ್ನು ಮುಚ್ಚಳದ ಮೂಲಕ ಇಳಿಸಿ, ಬೆಳಕು ಹಾಯುವ ಜಾಗಕ್ಕಿಂತ ಸ್ವಲ್ಪ ಮೇಲೆ ನಿಲ್ಲಿಸಿ. ಸಣ್ಣ ಮ್ಯಾಗ್ನೆಟ್ ಹಾಕಿ ಕಲಕುತ್ತಿರಿ. ರೀಡಿಂಗ್ ನಿಂತ ಮೇಲೂ ಐದು ನಿಮಿಷ ಕಾಯಿರಿ.

ಟಾಲ್ಯೂಯಿನ್ 110 ಡಿಗ್ರಿಗೆ ಕುದಿಯುವುದಾದರೂ 60ಕ್ಕೇ ಚೆನ್ನಾಗಿ ಆವಿಯಾಗುತ್ತದೆ. ಟೆಫ್ಲಾನ್ ಮುಚ್ಚಳ ಬಿಗಿಯಾಗಿರಲಿ, ಇಲ್ಲದಿದ್ದರೆ ದ್ರಾವಣ ಗಟ್ಟಿಯಾಗುತ್ತಾ ಹೋಗುತ್ತದೆ. ಗಟ್ಟಿಯಾದರೆ ಒಂದು ಡಾಟ್ ಬಿಟ್ಟ ಬೆಳಕಿನ ನೀಲಿ ಅಂಚನ್ನು ಪಕ್ಕದ ಡಾಟ್ ಕುಡಿಯುತ್ತದೆ, ಪೀಕ್ ಕೆಂಪಿಗೆ ಜರುಗಿದಂತೆ ಕಾಣುತ್ತದೆ, ಥೇಟ್ ಬಿಸಿಯ ಪರಿಣಾಮದ ಥರವೇ. ಇದನ್ನು ತಪ್ಪಿಸಲು ಬೆಳಕು ಬಿಡುವ ತರಂಗಾಂತರದಲ್ಲಿ ಅಬ್ಸಾರ್ಬೆನ್ಸ್ (ದ್ರಾವಣ ಬೆಳಕನ್ನು ಹೀರುವ ಅಳತೆ) 0.1ಕ್ಕಿಂತ ಕಡಿಮೆ ಇರಬೇಕು, ಬಿಸಿ ಮಾಡುವ ಮೊದಲೂ ನಂತರವೂ ನೋಡಿ. ಪ್ಲಾಸ್ಟಿಕ್ ಕ್ಯುವೆಟ್‌ಗೆ ಟಾಲ್ಯೂಯಿನ್ ಹಾಕಬೇಡಿ ಅಂತ ಬೇರೆ ಹೇಳಬೇಕಾ? ಪಾಲಿಸ್ಟೈರೀನ್ ಅದರಲ್ಲಿ ಕರಗುತ್ತದೆ. ಪ್ರತಿ ವರ್ಷ ಯಾರಾದರೂ ಒಬ್ಬರು ಹಾಕೇ ಹಾಕುತ್ತಾರೆ.

ಏರಿಸಿ ಇಳಿಸುವ ಪರೀಕ್ಷೆ

ಎಲ್ಲದಕ್ಕಿಂತ ಮುಖ್ಯವಾದದ್ದು ಇದು, ಒಂದೇ ಒಂದು ಪರೀಕ್ಷೆ ಮಾಡಲು ಸಮಯ ಇದ್ದರೂ ಇದನ್ನೇ ಮಾಡಿ. ಸ್ಯಾಂಪಲ್ ಅನ್ನು 25 ಡಿಗ್ರಿಯಿಂದ ಶುರು ಮಾಡಿ ಹತ್ತು ಹತ್ತು ಡಿಗ್ರಿ ಏರಿಸುತ್ತಾ 65ರವರೆಗೆ ಹೋಗಿ, ಅದೇ ಮೆಟ್ಟಿಲಲ್ಲಿ ವಾಪಸ್ ಇಳಿಯಿರಿ. ಪ್ರತಿ ಮೆಟ್ಟಿಲಲ್ಲೂ ಪೀಕಿನ ಜಾಗ, ಎತ್ತರ, ಅರ್ಧ ಎತ್ತರದ ಅಗಲ, ಈ ಮೂರನ್ನೂ ಬರೆಯಿರಿ. ಹೆಚ್ಚಿನವರು ಮೇಲಕ್ಕೆ ಹೋಗುವುದನ್ನು ಮಾತ್ರ ಅಳೆದು, 65 ಮುಟ್ಟಿದ ತಕ್ಷಣ ಬಾತ್ ಆಫ್ ಮಾಡಿ ಟೀ ಕುಡಿಯಲು ಹೋಗುತ್ತಾರೆ. ನಿಜವಾದ ಉತ್ತರ ಇಳಿಯುವ ದಾರಿಯಲ್ಲಿದೆ.

ಅಳತೆಯ ನಡುವೆ ಶಟರ್ ಮುಚ್ಚಿರಲಿ. ಡಾಟ್‌ಗಳ ಮೇಲೆ ಸುಮ್ನೆ ಬೆಳಕು ಬೀಳುತ್ತಿದ್ದರೆ ಕೆಲವು ಸ್ಯಾಂಪಲ್‌ಗಳ ಹೊಳಪು ತಾನಾಗೇ ಏರುತ್ತದೆ, ಕೆಲವು ಇಳಿಯುತ್ತವೆ. ಅದನ್ನು ಬಿಸಿಯ ಲೆಕ್ಕಕ್ಕೆ ಬರೆದುಬಿಡುತ್ತೀರಿ. ಅನುಮಾನ ಇದ್ದರೆ ಅದೇ ಬ್ಯಾಚಿನ ಇನ್ನೊಂದು ಕ್ಯುವೆಟ್ ತುಂಬಿ, ಬಿಸಿ ಮಾಡದೆ, ಅಷ್ಟೇ ಹೊತ್ತು ಬೆಳಕು ಮಾತ್ರ ಬಿಟ್ಟು ನೋಡಿ.

ಏರುವಾಗಿನ ಗೆರೆಯೂ ಇಳಿಯುವಾಗಿನ ಗೆರೆಯೂ ಒಂದರ ಮೇಲೊಂದು ಕೂತರೆ ಡಾಟ್‌ಗೆ ಏನೂ ಆಗಿಲ್ಲ. ನಿಮ್ಮ ಕೈಯಲ್ಲಿ ಒಂದು ಥರ್ಮಾಮೀಟರ್ ಇದೆ ಅಂತಲೇ ತಿಳಿಯಿರಿ. ಡಾಟ್‌ನಿಂದ ಉಷ್ಣತೆ ಅಳೆಯುವ ಸಂಶೋಧನೆಯೆಲ್ಲ ಈ ವಾಪಸಾತಿಯನ್ನೇ ನಂಬಿ ನಡೆಯುತ್ತದೆ.

ಪೀಕ್ ತನ್ನ ಜಾಗಕ್ಕೆ ಬಂತು, ಹೊಳಪು ಮಾತ್ರ ಪೂರ್ತಿ ಬರಲಿಲ್ಲ ಅನ್ನಿ. ಅತಿ ಹೆಚ್ಚು ಕಾಣುವುದು ಇದೇ. ಹರಳು ಹಾಗೇ ಇದೆ, ಆದರೆ ಬಿಸಿಗೆ ಒಂದಷ್ಟು ಲಿಗ್ಯಾಂಡ್ ಕಳಚಿ ಮೇಲ್ಮೈ ಬರಿದಾಗಿದೆ. ತೀರಾ ತೆಳುವಾಗಿ ಕಲಸಿದ ದ್ರಾವಣದಲ್ಲಿ ಇದು ಬೇಗ ಆಗುತ್ತದೆ, ಕಳಚಿದ ಲಿಗ್ಯಾಂಡ್ ವಾಪಸ್ ಬಂದು ಕೂರಲು ಸುತ್ತ ಸಾಕಷ್ಟು ಇರುವುದಿಲ್ಲ. ತೊಳೆಯುವುದು ಜಾಸ್ತಿಯಾಗಿದ್ದರೂ ಹೀಗೇ. ಒಂದು ತೊಟ್ಟು ಒಲಿಕ್ ಆಸಿಡ್ ಅಥವಾ ಒಲಿಲ್ ಅಮೀನ್, ಡಾಟ್‌ಗೆ ಯಾವುದು ಮೊದಲಿತ್ತೋ ಅದು, ಸೇರಿಸಿ ಒಂದು ರಾತ್ರಿ ಬಿಟ್ಟು ನೋಡಿ. ಹೊಳಪು ಸ್ವಲ್ಪ ಮಟ್ಟಿಗಾದರೂ ಎದ್ದರೆ ರೋಗ ಗೊತ್ತಾಯಿತು.

ಪೀಕ್ ನೀಲಿ ಕಡೆಗೆ ಜರುಗಿ ಅಲ್ಲೇ ಉಳಿಯಿತು, ಹೊಳಪೂ ಹೋಯಿತು ಅಂದರೆ ಗಾಳಿಯ ಆಕ್ಸಿಜನ್ ಹರಳನ್ನು ಹೊರಗಿನಿಂದ ತಿಂದಿದೆ. ಹರಳು ಚಿಕ್ಕದಾಯಿತು, ಗ್ಯಾಪ್ ದೊಡ್ಡದಾಯಿತು. ಬಿಸಿ ಮತ್ತು ಬೆಳಕು ಎರಡೂ ಸೇರಿದರೆ ಇದು ಜೋರಾಗುತ್ತದೆ. ಹೊದಿಕೆ ಇಲ್ಲದ ಡಾಟ್‌ಗಳಲ್ಲಿ ಸಾಮಾನ್ಯ. ಸರಿ ಮಾಡಲು ದಾರಿ ಇಲ್ಲ. ಮುಂದಿನ ಸಲ ನೈಟ್ರೋಜನ್ ಹಾಯಿಸಿ.

ಪೀಕ್ ಕೆಂಪಿಗೆ ಹೋಗಿ ವಾಪಸ್ ಬರದಿದ್ದರೆ ಎರಡು ಸಾಧ್ಯತೆ, ಬಿಡಿಸಿಕೊಳ್ಳಲು ಅಬ್ಸಾರ್ಪ್ಶನ್ ಸ್ಪೆಕ್ಟ್ರಮ್ ಬೇಕೇ ಬೇಕು. ಅಬ್ಸಾರ್ಪ್ಶನ್‌ನ ಮೊದಲ ಪೀಕೂ ಕೆಂಪಿಗೆ ಹೋಗಿ ಮಂಕಾಗಿದ್ದರೆ ಹರಳುಗಳೇ ಬೆಳೆದಿವೆ, ಚಿಕ್ಕವು ಕರಗಿ ದೊಡ್ಡವು ಇನ್ನಷ್ಟು ದಪ್ಪವಾಗಿವೆ. ನೀರಿನಲ್ಲಿ ಮಾಡಿದ ಕ್ಯಾಡ್ಮಿಯಂ ಟೆಲ್ಲುರೈಡ್ ಡಾಟ್‌ಗಳಲ್ಲಿ ಇದನ್ನು ನಿರೀಕ್ಷಿಸಿ. ಅವು ಹುಟ್ಟುವುದೇ ಕುದಿಯುವ ನೀರಿನಲ್ಲಿ, ಬಿಸಿ ಮಾಡಿದರೆ ನಿಲ್ಲಿಸಿದ್ದ ಬೆಳವಣಿಗೆ ಮತ್ತೆ ಶುರುವಾಗುತ್ತದೆ. ಅಬ್ಸಾರ್ಪ್ಶನ್ ಪೀಕ್ ಅಲ್ಲೇ ಇದ್ದು, ಆದರೆ ಉದ್ದ ತರಂಗಾಂತರದಲ್ಲಿ ಸೊನ್ನೆಗೆ ಇಳಿಯಬೇಕಾದ ಗೆರೆ ಮೇಲೆದ್ದು ನಿಂತಿದ್ದರೆ ಡಾಟ್‌ಗಳು ಒಂದಕ್ಕೊಂದು ಅಂಟಿ ಗಂಟಾಗಿವೆ, ಬೆಳಕು ಚೆದುರುತ್ತಿದೆ. ಗಂಟಿನೊಳಗೆ ಚಿಕ್ಕ ಡಾಟ್ ತನ್ನ ಶಕ್ತಿಯನ್ನು ಪಕ್ಕದ ದೊಡ್ಡದಕ್ಕೆ ದಾಟಿಸುತ್ತದೆ, ಅದಕ್ಕೇ ಹೊರಬರುವ ಬೆಳಕು ಕೆಂಪಾಗುತ್ತದೆ. ಕ್ಯುವೆಟ್ ಅನ್ನು ಬೆಳಕಿಗೆ ಅಡ್ಡ ಹಿಡಿದರೆ ಮಬ್ಬು ಕಣ್ಣಿಗೇ ಕಾಣುತ್ತದೆ.

ಕುದಿಯುವ ನೀರು ಅಂದಾಗ ನೆನಪಾಯಿತು. ಸಂಶೋಧನಾ ಪೇಪರಿನಲ್ಲಿ 100 ಡಿಗ್ರಿಯಲ್ಲಿ ರಿಫ್ಲಕ್ಸ್ (ಆವಿಯನ್ನು ತಣಿಸಿ ವಾಪಸ್ ಬೀಳಿಸುತ್ತಾ ಕುದಿಸುವುದು) ಅಂತ ಇರುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ, ಇಲ್ಲಿ ನೀರು 97-98ಕ್ಕೇ ಕುದಿಯುತ್ತದೆ. ಮಂಡ್ಯದಲ್ಲೂ ಹೆಚ್ಚುಕಡಿಮೆ ಅಷ್ಟೇ. ಪೇಪರಿನ ಸಮಯಕ್ಕೆ ನಿಮ್ಮ ಡಾಟ್ ಇನ್ನೂ ಹಸಿರಾಗಿಯೇ ಇದ್ದರೆ ಪುಡಿ ಕೊಟ್ಟ ಅಂಗಡಿಯವರನ್ನು ಬೈಯಬೇಡಿ, ಇನ್ನಷ್ಟು ಹೊತ್ತು ಕುದಿಸಿ.

ಉಲ್ಟಾ ಹೋದರೆ

ಬಿಸಿ ಮಾಡಿದಾಗ ಪೀಕ್ ನೀಲಿಗೆ ಹೋಗಿ, ತಣ್ಣಗಾದಾಗ ಸರಿಯಾಗಿ ವಾಪಸ್ ಬಂತು ಅಂದರೆ ಬಾಟಲಿಯ ಲೇಬಲ್ ಓದಿ. ಸೀಸಿಯಂ ಲೆಡ್ ಬ್ರೋಮೈಡ್‌ನಂಥ ಪೆರೋವ್‌ಸ್ಕೈಟ್ ಆಗಿದ್ದರೆ ಅದರ ಸ್ವಭಾವವೇ ಹಾಗೆ, ಬಿಸಿಗೆ ಗ್ಯಾಪ್ ಹಿಗ್ಗುತ್ತದೆ. ಲೆಡ್ ಸಲ್ಫೈಡ್‌ನ ದೊಡ್ಡ ಹರಳೂ ಹೀಗೇ, ಆದರೆ ಡಾಟ್ ಚಿಕ್ಕದಾದಂತೆ ಆ ಪರಿಣಾಮ ಕುಗ್ಗುತ್ತಾ ಹೋಗುತ್ತದೆ, ತೀರಾ ಚಿಕ್ಕದರಲ್ಲಿ ದಿಕ್ಕೇ ಬದಲಾಗಬಹುದು. ಇವುಗಳಿಗೆ ಗೋಡೆಯ ಮೇಲಿನ 0.1 ಲೆಕ್ಕ ಹಾಕಬೇಡಿ.

ಲಿಕ್ವಿಡ್ ನೈಟ್ರೋಜನ್ ಸಿಗುವವರು ತಣ್ಣಗೆ ಮಾಡಿಯೂ ನೋಡಿ. 77 ಕೆಲ್ವಿನ್‌ನಲ್ಲಿ (ಮೈನಸ್ 196 ಡಿಗ್ರಿ) 620ರ ಕೆಂಪು ಡಾಟ್ ಸುಮಾರು 15 ನ್ಯಾನೊಮೀಟರ್ ಕಿತ್ತಳೆ ಕಡೆಗೆ ಬರುತ್ತದೆ, ಪೀಕ್ ಕಿರಿದಾಗುತ್ತದೆ, ಸಾಮಾನ್ಯವಾಗಿ ಹೊಳಪೂ ಹೆಚ್ಚುತ್ತದೆ. ಟಾಲ್ಯೂಯಿನ್‌ನಲ್ಲಿ ಮಾಡಲು ಹೋದರೆ ಅದು ಹೆಪ್ಪುಗಟ್ಟಿ ಬಿರುಕು ಬಿಟ್ಟು ಬೆಳಕನ್ನೆಲ್ಲ ಚೆದುರಿಸುತ್ತದೆ. ಗಾಜಿನ ಮೇಲೆ ಪಾಲಿಮರ್ ಜೊತೆ ತೆಳ್ಳಗೆ ಹಚ್ಚಿ ಒಣಗಿಸಿ ಅಳೆಯಿರಿ.

ಫ್ರಿಜ್, ಮಳೆಗಾಲ, ಬೆಲ್ಲ

ಫ್ರಿಜ್‌ನಿಂದ ತೆಗೆದ ಬಾಟಲಿ ಮಬ್ಬಾಗಿದ್ದರೆ ತಕ್ಷಣ ಎಸೆಯಬೇಡಿ. ಒಲಿಕ್ ಆಸಿಡ್ ಸುಮಾರು 13-14 ಡಿಗ್ರಿಗೆ ಗಟ್ಟಿಯಾಗುತ್ತದೆ, 4 ಡಿಗ್ರಿಯ ಫ್ರಿಜ್‌ನಲ್ಲಿ ಹೆಚ್ಚುವರಿ ಆಸಿಡ್ ಬಿಳಿ ಮೋಡದ ಹಾಗೆ ಇಳಿದಿರಬಹುದು. ಅರ್ಧ ಗಂಟೆ ಹೊರಗಿಟ್ಟು ಅಲ್ಲಾಡಿಸಿ. ತಿಳಿಯಾದರೆ ಸರಿ.

ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಇನ್ನೊಂದು ಕಾಟ. ಕ್ಯುವೆಟ್ ಅನ್ನು 10 ಡಿಗ್ರಿಗೆ ಇಳಿಸಿದ್ದೀರಿ, ಸ್ಪೆಕ್ಟ್ರಮ್‌ನಲ್ಲಿ ಹೊಳಪು ಏರುವ ಬದಲು ಇಳಿಯುತ್ತಿದೆ, ಬೇಸ್‌ಲೈನ್ (ಪೀಕಿನ ಬುಡದ ಗೆರೆ) ಮೇಲೇಳುತ್ತಿದೆ. ಹೋಲ್ಡರಿನಿಂದ ಕ್ಯುವೆಟ್ ಎತ್ತಿ ಟಾರ್ಚ್ ಬೆಳಕಿಗೆ ಓರೆಯಾಗಿ ಹಿಡಿಯಿರಿ, ಹೊರಗಿನ ಗಾಜಿನ ಮೇಲೆ ಸಣ್ಣ ಸಣ್ಣ ನೀರಿನ ಹನಿ ಕೂತಿರುತ್ತವೆ, ಬೆರಳಿಟ್ಟರೆ ಗೆರೆ ಬೀಳುತ್ತದೆ. ಒರೆಸಿದರೆ ಎರಡು ನಿಮಿಷಕ್ಕೆ ಮತ್ತೆ ಬರುತ್ತದೆ. ಹೋಲ್ಡರ್ ಸುತ್ತ ಒಣ ನೈಟ್ರೋಜನ್ ಹರಿಸಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ 20ಕ್ಕಿಂತ ಕೆಳಗೆ ಇಳಿಯದಿರುವುದೇ ವಾಸಿ.

ಮಂಡ್ಯದ ಕಾಲೇಜುಗಳ ಕಡೆ ಕ್ಯಾಡ್ಮಿಯಂ ರಗಳೆ ಬೇಡ ಅಂತ ಬೆಲ್ಲ ಅಥವಾ ಕಬ್ಬಿನ ಹಾಲಿನಿಂದ ಕಾರ್ಬನ್ ಡಾಟ್ ಮಾಡುವವರು ಇದ್ದೀರಿ. ಒಳ್ಳೆಯದೇ, ಕಚ್ಚಾ ಮಾಲು ಊರ ತುಂಬಾ ಇದೆ, 365ರ ಯುವಿ ಟಾರ್ಚಿಗೆ ನೀಲಿ ಬೆಳಕು ಚೆನ್ನಾಗಿಯೇ ಬರುತ್ತದೆ. ಆದರೆ ಇವುಗಳ ಬೆಳಕು ಬರೀ ಬ್ಯಾಂಡ್ ಗ್ಯಾಪಿನಿಂದ ಬರುವುದಲ್ಲ, ಮೇಲ್ಮೈಯ ಗುಂಪುಗಳಿಂದಲೂ ಬರುತ್ತದೆ. ಬಿಸಿ ಮಾಡಿದರೆ ಸಾಮಾನ್ಯವಾಗಿ ಹೊಳಪು ಇಳಿಯುತ್ತದೆ, ಪೀಕ್ ಅಷ್ಟಾಗಿ ಅಲ್ಲಾಡುವುದಿಲ್ಲ. ನಿಮ್ಮ ಪೀಕ್ 20-30 ನ್ಯಾನೊಮೀಟರ್ ಓಡಿದ್ದರೆ ಬಹುಶಃ ಬಿಡುವ ಬೆಳಕಿನ ತರಂಗಾಂತರ ಬದಲಾಗಿದೆ, ಕಾರ್ಬನ್ ಡಾಟ್ ಅದರ ಹಿಂದೆ ಓಡುವ ಜಾತಿ. ಇನ್ನೊಂದು, ಡಯಾಲಿಸಿಸ್ ಮಾಡಿ ಸಕ್ಕರೆ ತೆಗೆಯದೆ ಬಾಟಲಿಯನ್ನು ಬೇಸಿಗೆಯಲ್ಲಿ ಹೊರಗಿಟ್ಟರೆ ಉಳಿದ ಸಕ್ಕರೆ ಹುಳಿಯುತ್ತದೆ. ಮುಚ್ಚಳ ತೆಗೆದಾಗ ಹುಳಿ ವಾಸನೆ ಬಂದರೆ ಸ್ಪೆಕ್ಟ್ರಮ್ ತೆಗೆಯುವ ಶ್ರಮವೂ ಬೇಡ.

ಇಷ್ಟೆಲ್ಲ ನೋಡಿಯೂ ಪೀಕ್ ನೀಲಿಯಲ್ಲಿ ಸಿಕ್ಕಿಕೊಂಡಿದ್ದರೆ, ಅಥವಾ ಅಬ್ಸಾರ್ಪ್ಶನ್ ಪೀಕೇ ಕರಗಿ ಹೋಗಿದ್ದರೆ, ಆಗ ಹೊಸ ಬ್ಯಾಚ್ ಮಾಡಿ. ಹಳೆಯದನ್ನು ಸಿಂಕಿಗೆ ಸುರಿಯಬೇಡಿ, ಕ್ಯಾಡ್ಮಿಯಂ ಮತ್ತು ಸೀಸದ ತ್ಯಾಜ್ಯಕ್ಕೆ ಬೇರೆ ಕ್ಯಾನ್ ಇಡಿ, ಮೇಲೆ ಏನಿದೆ ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ, ತುಂಬಿದ ಮೇಲೆ ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಕೊಡಿ. ಹೊಸ ಬ್ಯಾಚಿನ ಮೊದಲ ಸ್ಪೆಕ್ಟ್ರಮ್ ತೆಗೆಯುವಾಗ ಫೈಲಿನ ಹೆಸರಿನಲ್ಲೇ ಉಷ್ಣತೆ ಸೇರಿಸಿ, ಹೋಲ್ಡರಿನದ್ದಲ್ಲ, ಕ್ಯುವೆಟ್ ಒಳಗಿನದ್ದು.